ಎರಡೇ ಸೀಟಿನ ಸಂತೋಷ



ಕಾರು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಸಂಸಾರ. ಮುಂದಿನ ಸೀಟಿನಲ್ಲಿ ಜಪಸರ ಹಿಡಿದ ಅಜ್ಜಿ, ಹಿಂದೆ ಅಮ್ಮನ ತೊಡೆಯ ಮೇಲೊಂದು, ಅತ್ತೆಯ ತೊಡೆಯ ಮೇಲೊಂದು ಮಗು, ಡಿಕ್ಕಿಯಲ್ಲಿ ಬೀಗರ ಮನೆಗೆಂದು ಇಟ್ಟುಕೊಂಡ ಹಲಸಿನ ಹಣ್ಣು. ಐದು ಜನ ಕೂರುವಲ್ಲಿ ಎಂಟು ಜನ ಕೂತು ನಾಮಕರಣಕ್ಕೋ ಮದುವೆಗೋ ಹೊರಡುವುದೇ ಕಾರಿನ ಉಪಯೋಗ ಎಂದು ನಾವು ತಿಳಿದಿದ್ದೇವೆ. ‘ಉಪಯೋಗ’ ಎಂಬ ಈ ಮಾತನ್ನು ಸ್ವಲ್ಪ ಗಮನಿಸಿ. ನಮ್ಮ ಇವತ್ತಿನ ವಿಚಾರವೆಲ್ಲ ಆ ಒಂದು ಮಾತಿನ ಸುತ್ತಲೇ ಇದೆ.

ಏಕೆಂದರೆ ಲೋಕದಲ್ಲಿ ಇನ್ನೊಂದು ಬಗೆಯ ಕಾರು ಇದೆ. ಅದರಲ್ಲಿ ಇರುವುದು ಎರಡೇ ಸೀಟು. ಅಜ್ಜಿಗೆ ಜಾಗವಿಲ್ಲ, ಮಕ್ಕಳಿಗೆ ಜಾಗವಿಲ್ಲ, ಹಲಸಿನ ಹಣ್ಣಿಗಂತೂ ಇಲ್ಲವೇ ಇಲ್ಲ. ಮೇಲಿನ ಛತ್ತನ್ನು ಮಡಚಿ ಹಿಂದಕ್ಕೆ ಹಾಕಿದರೆ ಬಿಸಿಲು, ಗಾಳಿ, ಧೂಳು ಎಲ್ಲವೂ ನೇರವಾಗಿ ಮುಖಕ್ಕೆ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಮಂಡಿನೋವಿನವರು ಒಳಗೆ ಇಳಿದರೆ ಮೇಲೇಳಲು ಇನ್ನೊಬ್ಬರ ಕೈ ಬೇಕು. ಇದನ್ನು ಕೊಳ್ಳುವವರು ಎಲ್ಲಿಗಾದರೂ ತಲುಪಬೇಕೆಂದು ಕೊಳ್ಳುವುದಿಲ್ಲ, ಓಡಿಸುವ ಖುಷಿಗಾಗಿಯೇ ಕೊಳ್ಳುತ್ತಾರೆ.

‘ಗುರುಗಳಿಗೆ ಈ ಉಸಾಬರಿ ಏಕೆ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೊಸ ಮಾದರಿಯ ಕಾರುಗಳಲ್ಲಿ ಓಡಾಡುವ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಕಂಡರೆ ತಮಗೆ ನೋವಾಗುತ್ತದೆ ಎಂದು ಜಗದ್ಗುರು ಫ್ರಾನ್ಸಿಸರು 2013ರ ಜುಲೈ ತಿಂಗಳಿನಲ್ಲೇ ಹೇಳಿದ್ದರು. ನನ್ನದು ಹಳೆಯ ಸ್ಕೂಟರು, ಆದ್ದರಿಂದ ಆ ಮಾತಿನಿಂದ ನಾನು ಸದ್ಯಕ್ಕೆ ಪಾರಾಗಿದ್ದೇನೆ. ಆದರೆ ಈ ಕಾರು ನಮ್ಮ ಮುಂದಿಡುವ ಪ್ರಶ್ನೆ ಕಾರಿಲ್ಲದವರಿಗೂ ಸೇರಿದ್ದು. ಯಾವ ಉಪಯೋಗವೂ ಇಲ್ಲದ, ಬರೀ ಸಂತೋಷಕ್ಕೆಂದೇ ಇರುವ ವಸ್ತುವೊಂದನ್ನು ಒಬ್ಬ ಕ್ರೈಸ್ತ ಒಳ್ಳೆಯ ಮನಸ್ಸಾಕ್ಷಿಯಿಂದ ಅನುಭವಿಸಬಹುದೇ? ಅಥವಾ ಸುಖವೆಂದರೆ ಯಾವಾಗಲೂ ಸ್ವಲ್ಪ ಪಾಪವೇ?

ವೇಗವಲ್ಲದ ಒಂದು ಸುಖ

ಮೊದಲು ಈ ಸುಖ ಯಾವುದು ಎಂದು ತಿಳಿಯೋಣ. ತಿಳಿಯದೆ ತೀರ್ಪು ಕೊಡುವುದು ಸರಿಯಲ್ಲ.

ಈ ಕಾರುಗಳ ತವರು ಇಂಗ್ಲೆಂಡ್. ಆಕ್ಸ್‌ಫರ್ಡ್ ನಗರದ ‘ಮಾರಿಸ್ ಗ್ಯಾರೇಜಸ್’ ಎಂಬ ಅಂಗಡಿಯ ಹೆಸರಿನಿಂದಲೇ ‘ಎಂ.ಜಿ.’ ಎಂಬ ಎರಡು ಅಕ್ಷರಗಳು ಬಂದವು. ಸೆಸಿಲ್ ಕಿಂಬರ್ ಎಂಬವರು ಸಾಮಾನ್ಯ ಕಾರುಗಳ ಬಿಡಿಭಾಗಗಳನ್ನೇ ಬಳಸಿ, ಹಗುರವಾದ, ಚುರುಕಾದ ಕಾರುಗಳನ್ನು ಕಟ್ಟಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿಗೆ ಬಂದಿದ್ದ ಅಮೆರಿಕದ ಸೈನಿಕರು ಇವುಗಳಿಗೆ ಮನಸೋತರು. 1945ರಿಂದ ತಯಾರಾದ ‘ಎಂ.ಜಿ. ಟಿಸಿ’ ಎಂಬ ಪುಟ್ಟ ಕಾರು ಸಮುದ್ರ ದಾಟಿ ಅಮೆರಿಕಕ್ಕೆ ಹೋಯಿತು. ಅದರ ಎಂಜಿನ್ ಬರೀ 1250 ಸಿ.ಸಿ. ಆಮೇಲೆ 1958ರಲ್ಲಿ ಕಪ್ಪೆಗಣ್ಣಿನ ‘ಆಸ್ಟಿನ್ ಹೀಲಿ ಸ್ಪ್ರೈಟ್’ ಬಂತು, 1962ರಲ್ಲಿ ‘ಎಂ.ಜಿ.ಬಿ.’ ಮತ್ತು ‘ಲೋಟಸ್ ಎಲಾನ್’ ಬಂದವು. ಎಂ.ಜಿ.ಬಿ. ಕಾರುಗಳೇ 5 ಲಕ್ಷಕ್ಕೂ ಹೆಚ್ಚು ತಯಾರಾದವು. ಆದರೆ ಮುಂದೆ ಹೊಗೆಯ ನಿಯಮ, ಸುರಕ್ಷತೆಯ ನಿಯಮಗಳು ಬಿಗಿಯಾದವು, ಕಾರ್ಖಾನೆಗಳು ನಷ್ಟಕ್ಕಿಳಿದವು. 1980ರಲ್ಲಿ ಆಬಿಂಗ್ಡನ್‌ನ ಎಂ.ಜಿ. ಕಾರ್ಖಾನೆ ಬಾಗಿಲು ಮುಚ್ಚಿತು. ಇಂಥ ಕಾರುಗಳ ಕಾಲ ಮುಗಿಯಿತು ಎಂದೇ ಎಲ್ಲರೂ ಎಣಿಸಿದರು.

ಅದಕ್ಕೆ ಮರುಜೀವ ಬಂದದ್ದು ಜಪಾನಿನಲ್ಲಿ. 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತರು ಹಿರೋಶಿಮಾ ಊರಿನ ಮಜ್ದಾ ಕಂಪನಿಯ ಹಿರಿಯ ಎಂಜಿನಿಯರ್ ಕೆನಿಚಿ ಯಮಮೊತೊ ಅವರೊಡನೆ ಮಾತನಾಡುತ್ತ, ‘ಆ ಹಳೆಯ ಇಂಗ್ಲಿಷ್ ಕಾರುಗಳಂಥ ಸರಳವಾದ, ಅಗ್ಗದ ತೆರೆದ ಕಾರನ್ನು ನೀವೇಕೆ ಮಾಡಬಾರದು?’ ಎಂಬ ಅರ್ಥದ ಸಲಹೆ ಕೊಟ್ಟರು. ಹತ್ತು ವರ್ಷಗಳ ಬಳಿಕ, 1989ರ ಫೆಬ್ರವರಿಯಲ್ಲಿ, ಅಮೆರಿಕದ ಶಿಕಾಗೊ ನಗರದ ಕಾರು ಪ್ರದರ್ಶನದಲ್ಲಿ ಅಂಥ ಕಾರು ಜನರ ಮುಂದೆ ಬಂತು. ಅದೇ ‘ಎಂಎಕ್ಸ್-5’, ಅಮೆರಿಕದವರ ಬಾಯಲ್ಲಿ ‘ಮಿಯಾಟಾ’. ಲೋಕದಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಂದು 2000ದಲ್ಲಿ ಗಿನ್ನೆಸ್ ದಾಖಲೆಗೆ ಅದು ಸೇರಿತು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂತು. ನಮ್ಮ ದೇಶದಲ್ಲೂ 1990ರ ದಶಕದ ಕೊನೆಯ ವೇಳೆಗೆ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಸೀಟಿನ ತೆರೆದ ಕಾರು ಗೋವಾದಲ್ಲಿ ತಯಾರಾಯಿತು. ಮಳೆಯೂ ಗುಂಡಿಗಳೂ ತುಂಬಿದ ರಸ್ತೆಯ ನಾಡಿನಲ್ಲಿ ಅದನ್ನು ಕೊಂಡವರು ಕಡಿಮೆ.

ಈಗ ಒಂದು ಸೋಜಿಗದ ಸಂಗತಿ ಹೇಳುತ್ತೇನೆ. ಮೊದಲ ಮಿಯಾಟಾದ ಎಂಜಿನ್ 1.6 ಲೀಟರಿನದು, ಅದರ ಬಲ ಸುಮಾರು 115 ಅಶ್ವಶಕ್ತಿ. ಇಂದು ನಮ್ಮ ಊರುಗಳಲ್ಲಿ ಮಕ್ಕಳನ್ನು ಶಾಲೆಗೆ ಬಿಡುವ ಅನೇಕ ಕಾರುಗಳಿಗೆ ಅಷ್ಟೇ ಬಲವಿದೆ. ಹಾಗಾದರೆ ಅದರ ಸುಖ ವೇಗದಲ್ಲಿ ಇಲ್ಲ. ಮತ್ತೆ ಎಲ್ಲಿದೆ?

ಒಂದು, ಹಗುರತನದಲ್ಲಿ. ಆ ಕಾರಿನ ತೂಕ ಒಂದು ಟನ್ನಿಗಿಂತ ಕಡಿಮೆ. ತೂಕದ ಅರ್ಧ ಮುಂದಿನ ಚಕ್ರಗಳ ಮೇಲೆ, ಅರ್ಧ ಹಿಂದಿನ ಚಕ್ರಗಳ ಮೇಲೆ ಬೀಳುವಂತೆ ಜೋಡಿಸಿದ್ದಾರೆ, ತಕ್ಕಡಿಯ ಎರಡು ತಟ್ಟೆಗಳ ಹಾಗೆ. ಎರಡು, ಕೆಲಸದ ಹಂಚಿಕೆಯಲ್ಲಿ. ಕಾರನ್ನು ತಳ್ಳುವ ಕೆಲಸ ಹಿಂದಿನ ಚಕ್ರಗಳದ್ದು, ತಿರುಗಿಸುವ ಕೆಲಸ ಮುಂದಿನ ಚಕ್ರಗಳದ್ದು. ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುವುದಿಲ್ಲವಾದ್ದರಿಂದ ರಸ್ತೆ ಹೇಗಿದೆ ಎಂಬುದು ಸ್ಟೇರಿಂಗಿನ ಮೂಲಕ ಅಂಗೈಗೆ ತಿಳಿಯುತ್ತದೆ. ಮೂರು, ಕೂರುವ ಜಾಗದಲ್ಲಿ. ನೆಲಕ್ಕೆ ಅಷ್ಟು ಹತ್ತಿರ ಕೂತಾಗ ಗಂಟೆಗೆ 50 ಕಿಲೋಮೀಟರ್ ವೇಗವೇ 80ರ ಹಾಗೆ ಅನ್ನಿಸುತ್ತದೆ. ಸಾವಕಾಶವಾಗಿ ಹೋದರೂ ಮೈ ಎಚ್ಚರವಾಗಿರುತ್ತದೆ. ಛತ್ತು ಇಲ್ಲದ ಕಾರಣ ಕೊಯ್ದ ಹುಲ್ಲಿನ ವಾಸನೆ, ಮಳೆ ಬೀಳುವ ಮುಂಚಿನ ತಂಪು, ಹಕ್ಕಿಯ ಕೂಗು ಎಲ್ಲವೂ ಒಳಗೆ ಬರುತ್ತವೆ. ತಿರುವು ಬರುವ ಮೊದಲೇ ವೇಗ ತಗ್ಗಿಸಬೇಕು, ಕ್ಲಚ್ ಒತ್ತಿ ಗೇರ್ ಇಳಿಸಬೇಕು, ಎಂಜಿನ್ನಿನ ಸದ್ದನ್ನು ಕಿವಿಯಿಂದಲೇ ಅಳೆದು ಆಕ್ಸಿಲರೇಟರನ್ನು ಮೆಲ್ಲನೆ ಒತ್ತಬೇಕು. ಎಲ್ಲವೂ ಒಂದಕ್ಕೊಂದು ಸರಿಯಾಗಿ ಕೂಡಿದರೆ ಕಾರು ಕುಲುಕದೆ ತಿರುವಿನಿಂದ ಜಾರಿ ಹೊರಬರುತ್ತದೆ. ಇದನ್ನೇ ಮಜ್ದಾದವರು ‘ಜಿನ್ಬಾ ಇತ್ತಾಯ್’ ಎಂದರು. ಕುದುರೆಯೂ ಸವಾರನೂ ಒಂದೇ ಮೈಯಾಗುವುದು ಎಂದು ಅದರ ಅರ್ಥ. ಓಡುವ ಕುದುರೆಯ ಮೇಲೆ ಕೂತು ಬಾಣ ಬಿಡುವ ಜಪಾನಿನ ಬಿಲ್ಲುಗಾರರ ಮಾತು ಅದು.

ಈಗ ಹೇಳಿ, ಈ ಸುಖ ನಿಮಗೆ ಅಪರಿಚಿತವೇ? ಮರಕ್ಕೆ ಹತ್ತರಿ ಹಿಡಿದು ಒಂದೇ ಎಳೆತದಲ್ಲಿ ಉದ್ದನೆಯ ಸಿಪ್ಪೆ ತೆಗೆಯುವ ಬಡಗಿಗೆ ಇದು ಗೊತ್ತು. ಬಾಳೆಲೆಯ ಮೇಲೆ ಅಕ್ಕಿರೊಟ್ಟಿಯನ್ನು ಹರಿಯದಂತೆ ತೆಳ್ಳಗೆ ತಟ್ಟುವ ತಾಯಿಗೆ ಗೊತ್ತು. ಜೋಡೆತ್ತಿನ ನಡಿಗೆಗೆ ತನ್ನ ನಡಿಗೆಯನ್ನು ಕೂಡಿಸಿ ಸಾಲು ಹೊಡೆಯುವ ರೈತನಿಗೆ ಗೊತ್ತು. ಇವರ ಸುಖ ಕೆಲಸದ ಒಳಗೇ ಇದೆ.

ಚೆನ್ನಾಗಿ ತಿರುಗುವ ಗುಣ

ಗುರುಮಠದಲ್ಲಿ ನಾವು ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಒಂದು ವಿಚಾರವನ್ನು ಕಲಿಸುತ್ತಿದ್ದರು. ಸುಖ ಎಂಬುದು ಕೆಲಸದಿಂದ ಬೇರೆಯಾಗಿ ನಿಲ್ಲುವ ವಸ್ತುವಲ್ಲ. ಒಳ್ಳೆಯ ಕೆಲಸವನ್ನು ಚೆನ್ನಾಗಿ ಮಾಡಿದಾಗ, ತುಂಬು ಹರೆಯದ ಮುಖಕ್ಕೆ ತಾನೇ ಬರುವ ಕಳೆಯಂತೆ, ಸುಖ ಬಂದು ಆ ಕೆಲಸವನ್ನು ಪೂರ್ಣಗೊಳಿಸುತ್ತದೆ ಎಂಬುದು ಅವನ ಅಭಿಪ್ರಾಯ. ಆದ್ದರಿಂದ ಸುಖ ಒಳ್ಳೆಯದೋ ಕೆಟ್ಟದೋ ಎಂದು ಕೇಳುವ ಮೊದಲು, ಅದು ಯಾವ ಕೆಲಸದಿಂದ ಹುಟ್ಟಿತು ಎಂದು ಕೇಳಬೇಕು.

ಹದಿಮೂರನೆಯ ಶತಮಾನದಲ್ಲಿ ಬಾಳಿದ ಸಂತ ತೋಮಸ್ ಅಕ್ವಿನಾಸರು ಇನ್ನೂ ಮುಂದಕ್ಕೆ ಹೋದರು. ತಮ್ಮ ದೊಡ್ಡ ಗ್ರಂಥದಲ್ಲಿ ಅವರು ಆಟ ವಿನೋದಗಳಲ್ಲೂ ಸದ್ಗುಣ ಇರಬಹುದೇ ಎಂಬ ಪ್ರಶ್ನೆಯನ್ನೆತ್ತಿ, ಇರಬಹುದು ಎಂದು ಉತ್ತರಿಸುತ್ತಾರೆ. ಅಲ್ಲಿ ಅವರು ನೆನೆಯುವ ಒಂದು ಹಳೆಯ ಕಥೆಯನ್ನು ನೀವು ಪ್ರಸಂಗಗಳಲ್ಲಿ ಕೇಳಿರಬಹುದು. ಪ್ರೇಷಿತ ಯೊವಾನ್ನರು ಶಿಷ್ಯರೊಡನೆ ಆಟವಾಡುತ್ತಿದ್ದುದನ್ನು ಕಂಡು ಕೆಲವರು ಮೂಗು ಮುರಿದರು. ಅವರಲ್ಲೊಬ್ಬನ ಕೈಯಲ್ಲಿ ಬಿಲ್ಲು ಇತ್ತು. ಬಾಣ ಬಿಡು ಎಂದರು ಯೊವಾನ್ನರು. ಅವನು ಒಂದರ ಹಿಂದೆ ಒಂದು ಬಿಟ್ಟ. ಹೀಗೆ ನಿಲ್ಲಿಸದೆ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದಾಗ, ಹಾಗೆ ಮಾಡಿದರೆ ಬಿಲ್ಲು ಮುರಿದೀತು ಎಂದ. ಮನುಷ್ಯನ ಮನಸ್ಸೂ ಹಾಗೆಯೇ ಎಂದರಂತೆ ಯೊವಾನ್ನರು. ದಣಿದ ಮೈಗೆ ನಿದ್ರೆ ಹೇಗೋ ದಣಿದ ಮನಸ್ಸಿಗೆ ಸಂತೋಷ ಹಾಗೆ ಎಂಬುದು ತೋಮಸರ ವಾದ. ಅಷ್ಟೇ ಅಲ್ಲ, ತಾನೂ ನಗದೆ, ನಗುವವರನ್ನೂ ಸಹಿಸದೆ ಎಲ್ಲರಿಗೂ ಹೊರೆಯಾಗಿ ಬಾಳುವುದೂ ಒಂದು ದೋಷವೇ ಎಂದು ಅವರು ಬರೆದಿದ್ದಾರೆ. ಪ್ರತಿ ಮನೆಯಲ್ಲೂ ಪ್ರತಿ ಧರ್ಮಕೇಂದ್ರದಲ್ಲೂ ಓದಿಸಬೇಕಾದ ಮಾತು ಇದು. ಗುರುಗಳ ನಿವಾಸವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ!

ಹದವರಿತು ಆಡುವ ಈ ಗುಣಕ್ಕೆ ಗ್ರೀಕರು ‘ಯೂಟ್ರಪೇಲಿಯ’ ಎಂದು ಹೆಸರಿಟ್ಟಿದ್ದರು. ‘ಚೆನ್ನಾಗಿ ತಿರುಗಬಲ್ಲ ಗುಣ’ ಎಂದು ಅದರ ಮೂಲಾರ್ಥ. ಗಂಭೀರ ಕೆಲಸದಿಂದ ನಗುವಿನ ಕಡೆಗೆ, ನಗುವಿನಿಂದ ಮತ್ತೆ ಕೆಲಸದ ಕಡೆಗೆ ಕುಲುಕದೆ ತಿರುಗುವುದು. ತಿರುವುಗಳಲ್ಲಿ ಸುಖ ಕಾಣುವ ಕಾರಿನವರಿಗೆ ಇದಕ್ಕಿಂತ ಒಪ್ಪುವ ಸದ್ಗುಣ ಬೇರೆ ಯಾವುದಿದೆ?

ಆದರೆ ತೋಮಸರು ಅನುಮತಿ ಕೊಟ್ಟು ಸುಮ್ಮನಾಗಲಿಲ್ಲ. ಮೂರು ಎಚ್ಚರಿಕೆಗಳನ್ನು ಜೊತೆಗಿಟ್ಟರು. ಆ ಸಂತೋಷ ಯಾರಿಗೂ ಹಾನಿ ಮಾಡಬಾರದು, ಹೊಲಸಾಗಿರಬಾರದು. ಅದರಲ್ಲಿ ಮನಸ್ಸಿನ ಸಮತೋಲ ಕಳೆದುಹೋಗಬಾರದು. ಮತ್ತು ಅದು ಆ ಮನುಷ್ಯನಿಗೆ, ಆ ಸಮಯಕ್ಕೆ, ಆ ಸ್ಥಳಕ್ಕೆ ಒಪ್ಪುವಂತಿರಬೇಕು. ಈ ಮೂರನ್ನೂ ನಮ್ಮ ಕಾರಿನ ಮೇಲೆ ಇಟ್ಟು ನೋಡೋಣ.

ಮೊದಲನೆಯದು: ರಸ್ತೆ ಒಬ್ಬರದಲ್ಲ

1955ರ ಸೆಪ್ಟೆಂಬರ್ 30ರ ಸಂಜೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೇಮ್ಸ್ ಡೀನ್ ಎಂಬ ಚಿತ್ರನಟ ತನ್ನ ಎರಡು ಸೀಟಿನ ಪೋರ್ಶೆ ಕಾರನ್ನು ಓಡಿಸಿಕೊಂಡು ಹೋಗುತ್ತಿದ್ದ. ವಯಸ್ಸು 24. ಅದೇ ಮಧ್ಯಾಹ್ನ ವೇಗ ಮಿತಿ ಮೀರಿದ್ದಕ್ಕೆ ಪೊಲೀಸರು ಅವನಿಗೆ ಚೀಟಿ ಕೊಟ್ಟಿದ್ದರು. ಕೆಲವೇ ದಿನಗಳ ಹಿಂದೆ, ರಸ್ತೆಯಲ್ಲಿ ಎಚ್ಚರದಿಂದ ಓಡಿಸಿ ಎಂದು ಯುವಕರಿಗೆ ಹೇಳುವ ಒಂದು ಕಿರುಚಿತ್ರದಲ್ಲಿ ಅವನೇ ಕಾಣಿಸಿಕೊಂಡಿದ್ದ. ಸಂಜೆಯ ಹೊತ್ತಿಗೆ ಕೂಡುರಸ್ತೆಯೊಂದರಲ್ಲಿ ಎದುರಿನಿಂದ ಬಂದು ಅಡ್ಡ ತಿರುಗಿದ ಕಾರಿಗೆ ಅವನ ಕಾರು ಡಿಕ್ಕಿ ಹೊಡೆಯಿತು. ಅವನು ಸತ್ತ. ಪಕ್ಕದಲ್ಲಿ ಕೂತಿದ್ದ ಮೆಕ್ಯಾನಿಕ್ ತೀವ್ರವಾಗಿ ಗಾಯಗೊಂಡ.

ಸತ್ತವನನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಎಚ್ಚರಿಕೆಯ ಮಾತು ನಾಲಿಗೆಯ ಮೇಲಿದ್ದರೂ ಕಾಲಿಗೆ ಅದು ತಲುಪದಿರಬಹುದು ಎಂಬುದನ್ನು ನೆನಪಿಸಲು ಹೇಳಿದೆ. ಲೆಕ್ಕ ಸರಳವಾಗಿದೆ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಬಲ ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರವೂ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಎರಡು ಸೀಟಿನ ಕಾರು ನಮ್ಮ ಮನೆಗಳಲ್ಲಿ ಇಲ್ಲದಿರಬಹುದು, ಎರಡು ಸೀಟಿನ ಬೈಕು ಇದೆ. ಮಗ ಬೈಕು ಹತ್ತಿ ಹೋದ ಮೇಲೆ ಅವನ ಸದ್ದು ಗೇಟಿನ ಬಳಿ ಮತ್ತೆ ಕೇಳುವ ತನಕ ಮಲಗದ ತಾಯಂದಿರು ಇದನ್ನು ಓದುತ್ತಿದ್ದಾರೆ ಎಂದು ನನಗೆ ಗೊತ್ತು.

2007ರ ಜೂನ್‌ನಲ್ಲಿ ವ್ಯಾಟಿಕನ್ನಿನ ಒಂದು ಆಯೋಗವು ರಸ್ತೆಯ ಬಗ್ಗೆಯೇ ಒಂದು ಮಾರ್ಗದರ್ಶಿಯನ್ನು ಹೊರಡಿಸಿತು. ವಾಹನ ಚಾಲಕರಿಗೆಂದು ಹತ್ತು ಕಟ್ಟಳೆಗಳೂ ಅದರಲ್ಲಿ ಇದ್ದವು. ಪತ್ರಿಕೆಗಳು ಅದನ್ನು ನಗೆಯಾಡಿದವು. ಆದರೆ ಅದರ ತಿರುಳು ನಗೆಯ ವಿಷಯವಲ್ಲ: ಸ್ಟೇರಿಂಗ್ ಹಿಡಿದವನು ಐದನೆಯ ಕಟ್ಟಳೆಯನ್ನು, ಅಂದರೆ ಕೊಲೆ ಮಾಡಬಾರದೆಂಬ ಕಟ್ಟಳೆಯನ್ನು ಕೈಯಲ್ಲಿ ಹಿಡಿದಿದ್ದಾನೆ. ಇಲ್ಲಿ ಒಂದು ಸಮಾಧಾನದ ಸಂಗತಿಯೂ ಇದೆ. ನಾವು ಆಗಲೇ ಕಂಡಂತೆ ಈ ಕಾರಿನ ನಿಜವಾದ ಸುಖ ವೇಗದಲ್ಲಿಲ್ಲ, ಜಾಣತನದಲ್ಲಿದೆ. ಜಾಣತನಕ್ಕೆ 50 ಕಿಲೋಮೀಟರ್ ವೇಗವೂ ಸಾಕು. ಅಷ್ಟರಲ್ಲಿ ಸುಖ ಸಿಗುತ್ತಿಲ್ಲ, ಇನ್ನೂ ವೇಗ ಬೇಕು ಎನ್ನುವವನು ಓಡಿಸುವ ಸುಖವನ್ನು ಅರಸುತ್ತಿಲ್ಲ, ಬೇರೇನನ್ನೋ ಅರಸುತ್ತಿದ್ದಾನೆ.

ಎರಡನೆಯದು: ಯಾರು ನೋಡುತ್ತಿದ್ದಾರೆ?

ಆ ‘ಬೇರೇನೋ’ ಎಂಬುದು ಹಲವು ಸಲ ಒಣಹೆಮ್ಮೆ. ಮನಸ್ಸಿನ ಸಮತೋಲ ಕೆಡಿಸುವುದರಲ್ಲಿ ಅದಕ್ಕೆ ಸಮಾನ ಇನ್ನೊಂದಿಲ್ಲ. ಕೆಂಪು ಬಣ್ಣದ ಕಾರು, ಗುರುಗುಟ್ಟುವ ಸದ್ದು, ತಿರುಗಿ ನೋಡುವ ಜನ. ಮಾಡುವ ಸುಖ ಒಂದು, ಕಾಣಿಸಿಕೊಳ್ಳುವ ಸುಖ ಇನ್ನೊಂದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಬೇರ್ಪಡಿಸಲು ಒಂದು ಸುಲಭವಾದ ಪರೀಕ್ಷೆ ಇದೆ. ಬೆಳಗಿನ ಜಾವ, ಯಾರೂ ಇಲ್ಲದ ರಸ್ತೆಯಲ್ಲಿ, ಯಾರಿಗೂ ಹೇಳಿಕೊಳ್ಳುವಂತಿಲ್ಲ ಎಂದಾದರೂ ನೀವು ಅದನ್ನು ಇಷ್ಟೇ ಪ್ರೀತಿಯಿಂದ ಓಡಿಸುತ್ತೀರಾ? ಹೌದು ಎಂದಾದರೆ ಅದು ಮಾಡುವ ಸುಖ. ಇಲ್ಲ ಎಂದಾದರೆ ನೀವು ಕೊಂಡದ್ದು ಕಾರಲ್ಲ, ಕನ್ನಡಿ. ಇದೇ ಪರೀಕ್ಷೆಯನ್ನು ಗಾಯನ ಮಂಡಳಿಯಲ್ಲಿ ಹಾಡುವವರೂ, ಪೀಠದಿಂದ ಪ್ರಸಂಗ ಮಾಡುವವರೂ ತಮ್ಮ ಮೇಲೆ ಮಾಡಿಕೊಳ್ಳಬಹುದು.

ಮೂರನೆಯದು: ಒಪ್ಪುವುದೇ?

‘ಇಷ್ಟು ಹಣದಲ್ಲಿ ಎಷ್ಟು ಬಡವರಿಗೆ ಊಟ ಹಾಕಬಹುದಿತ್ತು’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಬರಲಿ, ಬರಬೇಕಾದದ್ದೇ. ಇಬ್ಬರು ಜಗದ್ಗುರುಗಳ ಬದುಕಿನಲ್ಲಿ ಇದು ನಿಜವಾಗಿಯೇ ನಡೆಯಿತು. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ, ಫೆರಾರಿ ಕಂಪನಿ ಎರಡು ಸೀಟಿನ ತನ್ನ ‘ಎನ್‌ಜೊ’ ಕಾರುಗಳ ಪೈಕಿ ಕೊನೆಯದಾದ 400ನೆಯದನ್ನು ಜಗದ್ಗುರು ಎರಡನೆಯ ಜಾನ್ ಪೌಲರಿಗೆ ಅರ್ಪಿಸಿತು. ಅದು 2005ರಲ್ಲಿ ಹರಾಜಾಗಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಸುನಾಮಿಯ ಸಂತ್ರಸ್ತರಿಗೆಂದು ಸಂದಿತು. 2017ರ ನವೆಂಬರ್‌ನಲ್ಲಿ ಲ್ಯಾಂಬೊರ್ಗಿನಿ ಕಂಪನಿ ಎರಡು ಸೀಟಿನ ಬಿಳಿಯ ಕಾರೊಂದನ್ನು ಜಗದ್ಗುರು ಫ್ರಾನ್ಸಿಸರಿಗೆ ಕೊಟ್ಟಿತು. ಅವರು ಅದನ್ನು ಆಶೀರ್ವದಿಸಿ, ಬಾನೆಟ್ಟಿನ ಮೇಲೆ ಸಹಿ ಹಾಕಿ ಹರಾಜಿಗೆ ಕಳುಹಿಸಿದರು. ಮರುವರ್ಷ ಬಂದ ಏಳು ಲಕ್ಷ ಯೂರೋಗಳಿಗೂ ಮಿಕ್ಕ ಹಣವನ್ನು ಇರಾಕಿನ ನಿನೆವೆ ಬಯಲಿನಲ್ಲಿ ಮನೆ ಕಳೆದುಕೊಂಡ ಕ್ರೈಸ್ತರಿಗೂ, ಮಾರಾಟದ ಜಾಲದಿಂದ ಪಾರಾದ ಮಹಿಳೆಯರಿಗೂ, ಆಫ್ರಿಕಾದಲ್ಲಿ ಸೇವೆ ಮಾಡುವ ಸಂಸ್ಥೆಗಳಿಗೂ ಹಂಚಲಾಯಿತು.

ಇದರಿಂದ ಏನು ಕಲಿಯಬೇಕು? ಮಾರಿ ಹಂಚುವುದೇ ಸರಿ ಎಂದು ಬೇಗನೆ ಹೇಳಿಬಿಡಬಹುದು. ಆದರೆ ಸ್ವಲ್ಪ ನಿಂತು ಯೋಚಿಸಿ. ಮಾರಬೇಕಾದರೆ ಕೊಳ್ಳುವವನೊಬ್ಬ ಬೇಕು. ಆ ಕಾರನ್ನು ಹೊಂದುವುದೇ ಪಾಪವಾಗಿದ್ದರೆ, ಆ ಪಾಪವನ್ನು ಇನ್ನೊಬ್ಬನಿಗೆ ಮಾರಿ ಬಂದ ಹಣದಿಂದ ದಾನ ಮಾಡಿದಂತಾಗುತ್ತಿತ್ತು. ವಿಷ ಮಾರಿ ಅನ್ನ ಹಾಕುವವರುಂಟೇ? ಅವರು ಅದನ್ನು ಆಶೀರ್ವದಿಸಿದರು. ಎಂದಮೇಲೆ ವಸ್ತು ಕೆಟ್ಟದ್ದಲ್ಲ. ಅದು ತಮ್ಮ ಕೈಯಲ್ಲಿ, ಆ ಹೊತ್ತಿನಲ್ಲಿ, ಅಷ್ಟು ಜನ ಬೀದಿಯಲ್ಲಿರುವಾಗ ಒಪ್ಪುವುದಿಲ್ಲ ಎಂದು ಅವರು ಕಂಡುಕೊಂಡರು. ಇದು ತೋಮಸರ ಮೂರನೆಯ ಎಚ್ಚರಿಕೆಯೇ ಅಲ್ಲವೇ?

ಬೆಥಾನಿಯದಲ್ಲಿ ಪ್ರಭುವಿನ ಪಾದಗಳಿಗೆ ಬೆಲೆಬಾಳುವ ಸುಗಂಧ ತೈಲ ಸುರಿದಾಗ, ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತು ಎಂದವನು ಯೂದನು ಎಂದು ನೆನಪಿಸಿ, ದುಂದುವೆಚ್ಚಕ್ಕೆ ಬೈಬಲಿನ ಆಸರೆ ಪಡೆಯುವವರೂ ಇದ್ದಾರೆ. ಅವರಿಗೆ ನಾನು ಹೇಳುವುದು ಒಂದೇ: ಆ ತೈಲವನ್ನು ಮರಿಯಳು ತನ್ನ ತಲೆಗೆ ಹಾಕಿಕೊಳ್ಳಲಿಲ್ಲ. ಹಾಗೆಂದು ಸುಖವೆಲ್ಲ ವ್ಯರ್ಥ ಎನ್ನುವವರಿಗೂ ಒಂದು ಮಾತಿದೆ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದುಹೋದರೆ ಯಾರೂ ಸಾಯುತ್ತಿರಲಿಲ್ಲ, ನೀರು ಕುಡಿದು ಮನೆಗೆ ಹೋಗುತ್ತಿದ್ದರು. ಆದರೂ ಆರು ಕಲ್ಲಿನ ಬಾನೆಗಳು ತುಂಬಿದವು. ಯೇಸುಸ್ವಾಮಿಯ ಮೊದಲ ಸೂಚಕಕಾರ್ಯ ನಡೆದದ್ದು ಕೇವಲ ಸಂತೋಷ ಉಳಿಯಲಿ ಎಂದು. ಆದರೆ ಗಮನಿಸಿ, ಅದು ಎಲ್ಲರ ಸಂತೋಷ.

ಪಕ್ಕದ ಸೀಟು

ಇಲ್ಲಿಗೆ ನಾವು ಈ ಕಾರಿನ ಬಗ್ಗೆ ಕೇಳಬೇಕಾದ ಅತಿ ಕಷ್ಟದ ಪ್ರಶ್ನೆಗೆ ಬಂದೆವು. ಇಬ್ಬರಿಗೆ ಮಾತ್ರ ಜಾಗವಿರುವ ಸುಖ ಉಳಿದವರನ್ನು ಹೊರಗಿಡುವುದಿಲ್ಲವೇ?

ನಮ್ಮ ಕಡೆಯವರೇ ಆದ ಒಬ್ಬರು ಆಸ್ಟ್ರೇಲಿಯಾದ ಮೆಲ್ಬರ್ನ್ ಬಳಿ ಅನೇಕ ವರ್ಷಗಳಿಂದ ನೆಲೆಸಿದ್ದಾರೆ. ವಯಸ್ಸು ಐವತ್ತೈದು ದಾಟಿದೆ, ಮಕ್ಕಳಿಬ್ಬರೂ ದುಡಿಯುತ್ತಿದ್ದಾರೆ, ಮನೆಯ ಸಾಲ ತೀರಿದೆ. ಯಾರೋ ಓಡಿಸಿ ಬಿಟ್ಟ ಹಳೆಯ ಎಂಎಕ್ಸ್-5 ಕಾರೊಂದನ್ನು ಕೊಳ್ಳಬೇಕೆಂದು ಅವರಿಗೆ ಆಸೆಯಾಯಿತು. ಅಲ್ಲಿ ಸಮುದ್ರದ ದಡದುದ್ದಕ್ಕೂ ‘ಗ್ರೇಟ್ ಓಷನ್ ರೋಡ್’ ಎಂಬ ರಸ್ತೆಯಿದೆ. ಮೊದಲನೆಯ ಮಹಾಯುದ್ಧದಿಂದ ಮರಳಿದ ಸೈನಿಕರು, ಹಿಂದಿರುಗದ ಗೆಳೆಯರ ನೆನಪಿಗಾಗಿ 1919ರಿಂದ 1932ರವರೆಗೆ ಕಡಿದು ಮಾಡಿದ ರಸ್ತೆ. ಒಂದು ಕಡೆ ಬೆಟ್ಟ, ಒಂದು ಕಡೆ ಕಡಲು, ನಡುವೆ ಬರೀ ತಿರುವು. ‘ಫಾದರ್, ಆ ರಸ್ತೆಯಲ್ಲಿ ಒಮ್ಮೆ ಛತ್ತು ತೆಗೆದು ಹೋಗಬೇಕು ಅಂತ ಇಪ್ಪತ್ತು ವರ್ಷದಿಂದ ಆಸೆ. ಇದು ತಪ್ಪಾ?’ ಎಂದು ಅವರು ಫೋನಿನಲ್ಲಿ ಕೇಳಿದರು. ಪಕ್ಕದಿಂದ ಅವರ ಮನೆಯವರ ದನಿಯೂ ಕೇಳುತ್ತಿತ್ತು: ‘ಕೇಳಿ ಫಾದರ್, ಊರಲ್ಲಿ ಅತ್ತೆ ಒಬ್ಬರೇ ಇದ್ದಾರೆ. ಅವರ ಮುಖ ನೋಡಿ ನಾಲ್ಕು ವರ್ಷ ಆಯಿತು. ಟಿಕೆಟ್ ತುಂಬಾ ದುಬಾರಿ ಅಂತಾರೆ ಇವರು. ಈ ಕಾರು ಮಾತ್ರ ದುಬಾರಿ ಅಲ್ವಂತೆ!’

ನಾನು ಅವರಿಗೆ ಹೇಳಿದ್ದು ಇಷ್ಟೇ. ಆಸೆ ತಪ್ಪಲ್ಲ. ಕಾರೂ ತಪ್ಪಲ್ಲ. ಆದರೆ ಆ ಕಾರಿನಲ್ಲಿ ಅಮ್ಮನಿಗೆ ಸೀಟು ಇಲ್ಲದಿದ್ದರೂ ನಿಮ್ಮ ಲೆಕ್ಕದಲ್ಲಿ ಅವರಿಗೆ ಮೊದಲ ಸೀಟು ಇರಬೇಕು. ಆ ವರ್ಷ ಅವರು ಕಾರು ಕೊಳ್ಳಲಿಲ್ಲ. ಗಂಡ ಹೆಂಡತಿ ಊರಿಗೆ ಬಂದು ಆರು ವಾರ ತಾಯಿಯ ಜೊತೆ ಇದ್ದು ಹೋದರು. ಎರಡು ವರ್ಷದ ಬಳಿಕ ಕಾರು ಬಂತು. ಈಗ ಚಳಿಯಿದ್ದರೂ ಛತ್ತು ತೆಗೆಯಿರಿ ಎಂದು ಹಟ ಮಾಡುವವರು ಅವರ ಹೆಂಡತಿಯೇ ಅಂತೆ. ಮಕ್ಕಳು ಹುಟ್ಟಿದಂದಿನಿಂದ ತಾವಿಬ್ಬರೇ ಕೂತು ಮಾತನಾಡಿದ್ದು ಇಷ್ಟು ವರ್ಷಗಳ ಮೇಲೆ ಇದೇ ಮೊದಲು ಎಂದು ಆಕೆ ನನಗೆ ಹೇಳಿದರು.

ಆ ಮಾತು ನನ್ನಲ್ಲಿ ಉಳಿದುಕೊಂಡಿದೆ. ವಿವಾಹ ಸಂಸ್ಕಾರದ ದಿನ ಪೀಠದ ಮುಂದೆ ಇದ್ದದ್ದು ಎರಡೇ ಕುರ್ಚಿ. ಆಮೇಲೆ ಮಕ್ಕಳು, ಅತ್ತೆ ಮಾವ, ಸಾಲ, ಶಾಲೆ, ಕಾಯಿಲೆ ಎಲ್ಲವೂ ಬಂದು ನಡುವೆ ಕೂತವು. ಬರಬೇಕಾದದ್ದೇ ಬಂದವು, ಅದೇ ಸಂಸಾರ. ಆದರೆ ಅವರೆಲ್ಲ ಬಂದು ಹೋದ ಮೇಲೂ ಉಳಿಯುವುದು ಮತ್ತೆ ಆ ಎರಡೇ ಕುರ್ಚಿ. ಅವುಗಳ ನಡುವೆ ಆಗ ಮಾತೇ ಇಲ್ಲದಂತಾದರೆ? ಎರಡು ಸೀಟಿನ ಕಾರು ಮನೆಯಿಂದ ಓಡಿಹೋಗುವ ವಾಹನವಾಗಬಹುದು, ಆಗ ಅದು ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂಬ ಗಾದೆಗೆ ಸೇರುತ್ತದೆ. ಅದೇ ಕಾರು ಇಬ್ಬರನ್ನು ಮತ್ತೆ ಪಕ್ಕ ಪಕ್ಕ ಕೂರಿಸಬಹುದು. ಹಾಗಾಗಿ ಯಾವ ಸುಖದ ಬಗ್ಗೆಯಾದರೂ ಅನುಮಾನ ಬಂದಾಗ ಅದನ್ನು ಅನುಭವಿಸುವ ಹೊತ್ತನ್ನು ನೋಡಬೇಡಿ, ಅದರಿಂದ ಮನೆಗೆ ಮರಳುವ ಹೊತ್ತನ್ನು ನೋಡಿ. ಮರಳಿದವನು ಹಗುರವಾಗಿ, ಹೆಂಡತಿ ಮಕ್ಕಳೊಡನೆ ಇನ್ನಷ್ಟು ಸಹನೆಯಿಂದ ಇರುತ್ತಾನೆಯೇ? ಅಥವಾ ಮನೆಯೇ ಅವನಿಗೆ ಹೊರೆಯಾಗಿ ಕಾಣುತ್ತದೆಯೇ?

ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ಹಗುರವಾದ ಕಾರು ಸುಡುವುದು ಕಡಿಮೆ ಪೆಟ್ರೋಲೇ ಇರಬಹುದು. ಆದರೂ ಅದರ ಹೊಗೆ ಕಾರಿಲ್ಲದವರ ಉಸಿರಿಗೂ ಸೇರುತ್ತದೆ. ಸೃಷ್ಟಿ ನಮ್ಮೆಲ್ಲರ ಒಂದೇ ಮನೆ ಎಂದು ಜಗದ್ಗುರು ಫ್ರಾನ್ಸಿಸರು 2015ರಲ್ಲಿ ವಿಶ್ವಪತ್ರವನ್ನೇ ಬರೆದರು. ಆದ್ದರಿಂದ ಇಂಥ ಸುಖ ಹಬ್ಬದ ಪಾಯಸದಂತೆ ಇರಲಿ, ದಿನದ ಅನ್ನದಂತೆ ಬೇಡ. ಅಪರೂಪವಾದರೆ ಅದರ ರುಚಿಯೂ ಹೆಚ್ಚು. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಪ್ರಿಯರೇ, ನಿಮ್ಮಲ್ಲಿ ಹೆಚ್ಚಿನವರು ಇಂಥ ಕಾರನ್ನು ಎಂದೂ ಓಡಿಸಲಾರಿರಿ, ನಾನೂ ಓಡಿಸಲಾರೆ. ಆದರೆ ಪ್ರತಿಯೊಬ್ಬರಿಗೂ ಉಪಯೋಗವಿಲ್ಲದ ಒಂದು ಸುಖ ಇದ್ದೇ ಇರುತ್ತದೆ. ಒಬ್ಬರಿಗೆ ಕೆರೆಯ ದಡದಲ್ಲಿ ಗಾಳ ಹಿಡಿದು ಕೂರುವುದು, ಇನ್ನೊಬ್ಬರಿಗೆ ಹಳೆಯ ಹಾರ್ಮೋನಿಯಂ, ಮತ್ತೊಬ್ಬರಿಗೆ ಅಂಗಳದ ಗುಲಾಬಿ ಗಿಡ. ಅದಕ್ಕಾಗಿ ನಾಚಬೇಡಿ. ಮುಂದಿನ ಸಲ ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡಿಕೊಳ್ಳುವಾಗ, ‘ನಾನು ಸುಖಪಟ್ಟೆನೇ?’ ಎಂದು ಕೇಳಿಕೊಳ್ಳುವ ಬದಲು ಈ ಮೂರನ್ನು ಕೇಳಿಕೊಳ್ಳಿ. ನನ್ನ ಸುಖದಿಂದ ಯಾರಿಗಾದರೂ ನೋವಾಯಿತೇ? ಯಾರೂ ನೋಡದಿದ್ದರೂ ನಾನು ಇದನ್ನು ಪ್ರೀತಿಸುತ್ತಿದ್ದೆನೇ? ನನ್ನ ಪಾಲಿನ ಯಾವ ಕರ್ತವ್ಯವಾದರೂ ಇದಕ್ಕಾಗಿ ಕಾಯುತ್ತ ಕೂತಿದೆಯೇ? ಮೂರಕ್ಕೂ ಉತ್ತರ ಸರಿಯಾಗಿದ್ದರೆ ಆ ಸುಖವನ್ನು ಕೊಟ್ಟ ದೇವರಿಗೆ ವಂದನೆ ಸಲ್ಲಿಸಿ, ನೆಮ್ಮದಿಯಿಂದ ಅನುಭವಿಸಿ. ಮೂರನೆಯದಕ್ಕೆ ಉತ್ತರಿಸುವಾಗ ಮಾತ್ರ ನಿಮ್ಮ ಮನೆಯವರನ್ನೂ ಒಂದು ಮಾತು ಕೇಳಿ. ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.